ಎರಡನೆಯ ಸಂಪುಟ ಮತ್ತು ರಾತ್ರಿ ಪಾಳಿ

ಮುಧೋಳ ತಾಲೂಕಿನ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಾನು ಶಿಫ್ಟ್ ಕೆಮಿಸ್ಟ್ ಆಗಿ ಹದಿನಾಲ್ಕು ಹಂಗಾಮು ಕಳೆದಿದ್ದೇನೆ. ಕಬ್ಬು ನುರಿಸಲು ಆರಂಭವಾದರೆ ಊರು, ಹಬ್ಬ, ಮದುವೆ ಎಲ್ಲವೂ ಪಾಳಿಯ ಲೆಕ್ಕದಲ್ಲಿ ಸೇರಿಹೋಗುತ್ತವೆ. ಆದ್ದರಿಂದ ನಮ್ಮಂಥವರಿಗೆ ಉದ್ದನೆಯ ರಜೆ ಸಿಗುವುದು ಹೆಚ್ಚಾಗಿ ಕಾರ್ಖಾನೆ ನಿಂತಿರುವಾಗ. ಕಳೆದ ದಸರೆಯಲ್ಲಿ ಹತ್ತು ದಿನ ಬಿಡುವು ಮಾಡಿಕೊಂಡು ಶಿರಸಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿ ಮಳೆ ಇನ್ನೂ ಬಿಟ್ಟಿರಲಿಲ್ಲ. ಹೊರಗೆ ತಿರುಗಲಾಗದ ಒಂದು ಮಧ್ಯಾಹ್ನ ಅಕ್ಕನ ಮಗನ ಕಪಾಟಿನಿಂದ ಟೋಲ್ಕಿನ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಮೊದಲ ಸಂಪುಟವನ್ನು ಕೈಗೆತ್ತಿಕೊಂಡೆ. ಇಂಗ್ಲಿಷ್ ಓದು ನನಗೆ ನಿಧಾನ, ಆದರೂ ನಾಲ್ಕನೆಯ ದಿನಕ್ಕೆ ಊಟಕ್ಕೆ ಕರೆದರೂ ಕೇಳಿಸದಷ್ಟು ಅದರಲ್ಲಿ ಮುಳುಗಿದ್ದೆ. ಹೊರಡುವಾಗ ಮೂರೂ ಸಂಪುಟಗಳನ್ನು ಅಳಿಯನಿಂದ ಕೇಳಿ ಚೀಲದಲ್ಲಿ ಹಾಕಿಕೊಂಡೆ.

ಊರಿಗೆ ಮರಳಿದ ಮೇಲೆ ಆ ಗುಂಗು ಇಳಿಯುತ್ತದೆ ಎಂದುಕೊಂಡಿದ್ದೆ, ಇಳಿಯಲಿಲ್ಲ. ನವೆಂಬರ್ ಮೊದಲ ವಾರದಲ್ಲಿ ಬಾಯ್ಲರ್ ಪೂಜೆಯಾಗಿ ಗಾಣಗಳು ತಿರುಗಲಾರಂಭಿಸಿದವು. ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದವು, ನನಗೆ ರಾತ್ರಿ ಎಂಟರಿಂದ ಬೆಳಗಿನ ನಾಲ್ಕರವರೆಗಿನ ಪಾಳಿ ಬಂತು. ಹಗಲು ಮಲಗಬೇಕಾದ ಹೊತ್ತಿನಲ್ಲಿ ನಾನು ಎರಡನೆಯ ಸಂಪುಟ ಓದುತ್ತಿದ್ದೆ. ಆ ಸಂಪುಟದಲ್ಲಿ ಒಟ್ಟಿಗೆ ಹೊರಟ ಗೆಳೆಯರು ಚದುರಿಹೋಗಿರುತ್ತಾರೆ. ಮೊದಲರ್ಧ ಒಂದು ಕಡೆಯವರ ಕಥೆಯಾದರೆ ಎರಡನೆಯ ಅರ್ಧ ಮತ್ತೆ ಹಿಂದಿನ ದಿನಗಳಿಗೆ ಹೋಗಿ ಇನ್ನೊಂದು ಕಡೆಗೆ ನಡೆದ ಇಬ್ಬರ ಕಥೆ. ಯಾರು ಯಾವ ದಿನ ಎಲ್ಲಿದ್ದರು ಎಂಬುದನ್ನು ಹೊಂದಿಸಿಕೊಳ್ಳಲು ನಾನು ಲ್ಯಾಬಿನ ಹಳೆಯ ಗ್ರಾಫ್ ಹಾಳೆಯೊಂದರ ಮೇಲೆ ಎರಡು ಸಾಲು ಎಳೆದು ತಾರೀಖುಗಳನ್ನು ಬರೆದುಕೊಳ್ಳುತ್ತಿದ್ದೆ. ಆ ಹಾಳೆಯ ಮಾತು ಮುಂದೆ ಬರುತ್ತದೆ.

ಹಂಗಾಮಿನ ಎರಡನೆಯ ವಾರದ ಒಂದು ರಾತ್ರಿ ನಡೆದದ್ದನ್ನು ಹೇಳುವ ಮೊದಲು ರಸದ ಹಾದಿಯನ್ನು ಸ್ವಲ್ಪ ವಿವರಿಸಬೇಕು. ಗಾಣದಿಂದ ಬಂದ ಮಿಶ್ರ ರಸ ತುಸು ಹುಳಿಯಾಗಿರುತ್ತದೆ, ಅದರ ಪಿಎಚ್, ಅಂದರೆ ಹುಳಿಯ ಅಳತೆ, ಐದೂಕಾಲರ ಆಸುಪಾಸಿನಲ್ಲಿರುತ್ತದೆ (ಈ ಅಂಕಿ ಏಳಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು). ಅದನ್ನು ಸುಮಾರು 70 ಡಿಗ್ರಿಗೆ ಕಾಯಿಸಿ, ಸುಣ್ಣದ ಹಾಲು ಮತ್ತು ಗಂಧಕದ ಹೊಗೆಯನ್ನು ಒಟ್ಟಿಗೆ ಸೇರಿಸಿ ಪಿಎಚ್ ಏಳರ ಹತ್ತಿರ ತರುತ್ತೇವೆ, ಇದೇ ಸಲ್ಫಿಟೇಶನ್. ಮತ್ತೆ 100 ಡಿಗ್ರಿ ದಾಟುವಂತೆ ಕಾಯಿಸಿ ಕ್ಲ್ಯಾರಿಫೈಯರ್‌ಗೆ ಬಿಡುತ್ತೇವೆ. ಆ ದೊಡ್ಡ ಪಾತ್ರೆಯಲ್ಲಿ ಮಡ್ಡಿ ತಳಕ್ಕಿಳಿದು ತಿಳಿ ರಸ ಮೇಲೆ ನಿಲ್ಲುತ್ತದೆ. ನಮ್ಮಲ್ಲಿ ಒಳಹೋದ ರಸ ತಿಳಿಯಾಗಿ ಹೊರಬರಲು ಎರಡೂವರೆ ಗಂಟೆ ಹಿಡಿಯುತ್ತದೆ. ಅಂದರೆ ಎಂಟು ಗಂಟೆಗೆ ಮಾಡಿದ ತಪ್ಪು ಲ್ಯಾಬಿನ ಬೀಕರಿನಲ್ಲಿ ಕಾಣಿಸುವುದು ಹತ್ತೂವರೆಯ ಮೇಲೆಯೇ, ಅಷ್ಟರಲ್ಲಿ ಪಾತ್ರೆ ಪೂರ್ತಿ ಅದೇ ತಪ್ಪಿನಿಂದ ತುಂಬಿರುತ್ತದೆ.

ರಸ ಹುಳಿಯ ಕಡೆ ವಾಲಿದಾಗ ಮತ್ತು ಬಿಸಿಯಾಗಿ ನಿಂತಾಗ ಸಕ್ಕರೆ ನೀರಿನೊಂದಿಗೆ ಕೂಡಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇದಕ್ಕೆ ಇನ್‌ವರ್ಷನ್ ಎನ್ನುತ್ತೇವೆ. ಸಕ್ಕರೆಯ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತಿದ್ದುದು ಒಡೆದ ಮೇಲೆ ಎಡಕ್ಕೆ ತಿರುಗಿಸುವುದರಿಂದ ಆ ಹೆಸರು ಬಂದಿದೆ. ಒಡೆದದ್ದು ಮತ್ತೆ ಹರಳಾಗಿ ಚೀಲಕ್ಕೆ ಬರುವುದಿಲ್ಲ, ಕಾಕಂಬಿಯೊಂದಿಗೆ ಹೋಗುತ್ತದೆ.

ಆ ರಾತ್ರಿ ನನಗೆ ಚಾರ್ಜ್ ಕೊಟ್ಟ ಹಿರಿಯ ಸಹೋದ್ಯೋಗಿ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತೇ ಹೇಳಿದರು. "ಸಲ್ಫಿಟೇಶನ್ ಮೀಟರ್ ನಾಕ್ ಪಾಯಿಂಟ್ ಜಾಸ್ತಿ ತೋರಸಾಕತ್ತೈತ್ರಿ, ಪ್ರೋಬಿಗೆ ಕಿಟ್ಟ ಹಿಡದೈತಿ. ಹೊಸಾ ಆಪರೇಟರಗ ಏಳೂವರಿ ಮ್ಯಾಲ ಹಿಡೀ ಅಂತ ಹೇಳ್ರಿ, ಮುಂಜಾನೆ ತೊಳಸೂಣು." ನಾನು "ಹೂಂನ್ರಿ" ಎಂದೆ. ಆ ದಿನ ನಾನು ಮಲಗಿದ್ದು ಮೂರು ಗಂಟೆ ಮಾತ್ರ. ಓದು ನಿಲ್ಲಿಸಿದ್ದು ಡ್ಯೂಟಿಗೆ ಹೊರಡುವ ಹದಿನೈದು ನಿಮಿಷ ಮೊದಲು, ಅದೂ ಗುಡ್ಡದ ಕಡಿದಾದ ಮೆಟ್ಟಿಲು ಹತ್ತುತ್ತಿದ್ದ ಇಬ್ಬರನ್ನು ಅರ್ಧ ದಾರಿಯಲ್ಲಿ ಬಿಟ್ಟು. ನನ್ನ ಕಿವಿ ಮಾತನ್ನು ಕೇಳಿತು, ಮನಸ್ಸು ಮಾತ್ರ ಆ ಮೆಟ್ಟಿಲ ಮೇಲೆಯೇ ಇತ್ತು. ಆಪರೇಟರಿಗೆ ಅದನ್ನು ಹೇಳಲೇ ಇಲ್ಲ.

ಆಪರೇಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ. ಮೀಟರಿನಲ್ಲಿ 7.1 ತೋರಿಸುವಂತೆ ಸುಣ್ಣ ಬಿಡುತ್ತಾ ಹೋದ. ನಿಜದಲ್ಲಿ ರಸ 6.7ರಲ್ಲಿ ಹರಿಯುತ್ತಿತ್ತು. ಹನ್ನೊಂದಕ್ಕೆ ಹುಡುಗ ತಂದಿಟ್ಟ ತಿಳಿ ರಸದ ಬಣ್ಣ ಎಂದಿನಂತಿರಲಿಲ್ಲ, ಬೀಕರನ್ನು ಟ್ಯೂಬ್‌ಲೈಟಿಗೆ ಹಿಡಿದರೆ ತೆಳ್ಳನೆಯ ಮಬ್ಬು ಕಾಣುತ್ತಿತ್ತು. ಪಿಎಚ್ 6.6 ಬಂತು. ಅನುಭವವಿರುವ ಕೆಮಿಸ್ಟ್ ಆಗ ತಕ್ಷಣ ಸಲ್ಫಿಟೇಶನ್ ಕಡೆಗೆ ಓಡಬೇಕು. ನಾನು ಲ್ಯಾಬಿನ ಮೀಟರನ್ನೇ ಸಂಶಯಿಸಿ, ಬಫರ್ ದ್ರಾವಣ ತೆಗೆದು, ಅದನ್ನು ಮತ್ತೆ ಹೊಂದಿಸಿ, ಎಲೆಕ್ಟ್ರೋಡ್ ತೊಳೆದು, ಇನ್ನೊಮ್ಮೆ ಮಾದರಿ ತರಿಸಿ ಮುಕ್ಕಾಲು ಗಂಟೆ ಕಳೆದೆ. ಮತ್ತೆ 6.6 ಬಂದಾಗ ಬಾಗಿಲಲ್ಲಿ ನಿಂತು ಹೇಳಿದ ಮಾತು ನೆನಪಾಯಿತು. ಪಿಎಚ್ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ, ಏಳರಿಂದ 6.6ಕ್ಕೆ ಬಂದರೆ ನಾಲ್ಕು ಪಾಯಿಂಟ್ ಎಂದು ಬಾಯಲ್ಲಿ ಹೇಳುತ್ತೇವೆ, ಹುಳಿ ಮಾತ್ರ ಎರಡೂವರೆ ಪಟ್ಟು ಹೆಚ್ಚಿರುತ್ತದೆ. ಸುಣ್ಣ ಏರಿಸಿದೆವು, ಆದರೆ ಒಳಗೆ ನಿಂತಿದ್ದ ರಸವನ್ನು ಹಿಂದಕ್ಕೆ ಕರೆಯಲು ಸಾಧ್ಯವಿರಲಿಲ್ಲ. ಅದು ತನ್ನ ಹೊತ್ತಿಗೆ ತಾನು ಹೊರಬಂದು, ರಸದ ನೀರು ಆರಿಸಿ ಸಿರಪ್ ಮಾಡುವ ಇವ್ಯಾಪರೇಟರ್‌ಗಳಿಗೆ ಹೋಯಿತು. ಬೆಳಗಿನ ವಿಶ್ಲೇಷಣೆಯಲ್ಲಿ ಸಿರಪ್ಪಿನ ಪ್ಯೂರಿಟಿ, ಅಂದರೆ ಅದರಲ್ಲಿ ಕರಗಿರುವ ವಸ್ತುಗಳಲ್ಲಿ ಸಕ್ಕರೆಯ ಪಾಲು, ಇಳಿದದ್ದು ಕಂಡಿತು.

ಇಳಿಕೆ ಅಂಕಿಯಲ್ಲಿ ಚಿಕ್ಕದು. ಆದರೆ ದಿನಕ್ಕೆ 5000 ಟನ್ ನುರಿಸುವ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಶೇಕಡಾ 0.01ರಷ್ಟು ಸಕ್ಕರೆ ಹೋದರೂ ಅದು 500 ಕಿಲೋ, ಅಂದರೆ 50 ಕಿಲೋದ 10 ಚೀಲ. ಗೇಟಿನ ಹೊರಗೆ ಚಳಿಯಲ್ಲಿ ಟ್ರ್ಯಾಕ್ಟರಿನ ಕೆಳಗೆ ಕಂಬಳಿ ಹೊದ್ದು ಮಲಗಿದ್ದವರ ಕಬ್ಬಿನ ದರವೂ ಕೊನೆಗೆ ರಿಕವರಿಯ, ಅಂದರೆ ಕಬ್ಬಿನಿಂದ ಎಷ್ಟು ಸಕ್ಕರೆ ಸಿಕ್ಕಿತು ಎಂಬ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ನಾಲ್ಕು ಗಂಟೆಗೆ ಪಾಳಿ ಮುಗಿಸಿ ಅವರ ಸಾಲನ್ನು ದಾಟಿ ಹೋಗುವಾಗ ನನಗಾದ ಸಂಕಟವನ್ನು ಇಂದಿಗೂ ಮರೆತಿಲ್ಲ.

ಮರುದಿನ ಚೀಫ್ ಕೆಮಿಸ್ಟ್ ಸಾಹೇಬರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ, ಓದಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಬೈಯಲಿಲ್ಲ. ಲಾಗ್‌ಬುಕ್ ನನ್ನ ಮುಂದೆ ಸರಿಸಿ, "ಅವರು ಹೇಳಿದ್ದು ಎಲ್ಲಿ ಬರದೈತಿ, ತೋರಸ್ರಿ" ಎಂದರು. ನಾನು ಪುಟ ತಿರುವಿದೆ. ಬ್ರಿಕ್ಸ್, ಪೋಲ್, ಪ್ಯೂರಿಟಿ, ಪಿಎಚ್ ಎಂದು ಗಂಟೆಗೊಂದರಂತೆ ಅಂಕಿ ತುಂಬುವ ಕಾಲಂಗಳಿದ್ದವು. ಒಂದು ಪೂರ್ತಿ ವಾಕ್ಯ ಬರೆಯಲು ಆ ದೊಡ್ಡ ಹಾಳೆಯಲ್ಲಿ ಎಲ್ಲಿಯೂ ಜಾಗವಿರಲಿಲ್ಲ. ಹದಿನಾಲ್ಕು ಹಂಗಾಮಿನಿಂದ ನಾನು ತುಂಬುತ್ತಾ ಬಂದ ಹಾಳೆ ಅದು, ಆ ಕೊರತೆ ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ವಾರ ಪುಸ್ತಕವನ್ನು ಮುಟ್ಟಲಿಲ್ಲ. ವಾರದ ರಜೆಯಂದು ಮತ್ತೆ ತೆರೆದಾಗ, ಕಥೆಗಿಂತ ಮೊದಲು ಅದನ್ನು ಕಟ್ಟಿದ ರೀತಿ ನನ್ನ ಗಮನ ಸೆಳೆಯಿತು. ಅಳಿಯನ ಪ್ರತಿಯಲ್ಲಿ ಎರಡನೆಯ ಮತ್ತು ಮೂರನೆಯ ಸಂಪುಟಗಳು ಹಿಂದಿನ ಸಂಪುಟದಲ್ಲಿ ಏನಾಯಿತು ಎಂಬ ಸಾರಾಂಶದಿಂದಲೇ ಆರಂಭವಾಗುತ್ತವೆ: ಯಾರು ಎಲ್ಲಿ ಬೇರೆಯಾದರು, ಯಾವ ಕೆಲಸ ಬಾಕಿ ಉಳಿದಿದೆ, ಅಪಾಯ ಯಾವ ಕಡೆಯಿಂದ ಇದೆ. ಕೊನೆಯ ಸಂಪುಟದ ಅನುಬಂಧದಲ್ಲಿ ಕಥೆಯ ಮುಖ್ಯ ತಿಂಗಳುಗಳ ಘಟನೆಗಳನ್ನು ತಾರೀಖಿನ ಪ್ರಕಾರ ಪಟ್ಟಿ ಮಾಡಲಾಗಿದೆ. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. 1937ರ ಕೊನೆಯಲ್ಲಿ ಆರಂಭಿಸಿದ ಈ ಬರಹ ಮೂರು ಸಂಪುಟಗಳಾಗಿ ಅಚ್ಚಾದದ್ದು 1954 ಮತ್ತು 1955ರಲ್ಲಿ. 1944ರಲ್ಲಿ ಬರೆಯುತ್ತಿರುವಾಗ, ತಮ್ಮ ಕಥೆಯ ಚಂದ್ರ ಒಂದು ಕಡೆ ಮೂಡುತ್ತಿರುವಾಗಲೇ ಇನ್ನೊಂದು ಕಡೆ ಮುಳುಗುತ್ತಿದ್ದಾನೆ ಎಂಬುದು ಅವರ ಗಮನಕ್ಕೆ ಬಂದು, ಹಿಂದಿನ ಅಧ್ಯಾಯಗಳಿಗೆ ಮರಳಿ ತಿದ್ದಬೇಕಾಯಿತು. ಇಡೀ ಲೋಕವನ್ನು ತಮ್ಮ ತಲೆಯಿಂದಲೇ ಸೃಷ್ಟಿಸಿದ ಮನುಷ್ಯ ಅದರ ತಿಥಿಯನ್ನು ನೆನಪಿಗೆ ಬಿಟ್ಟಿರಲಿಲ್ಲ. ನಾನು ಒಂದು ಮೀಟರಿನ ದೋಷವನ್ನು ನೆನಪಿಗೆ ಬಿಟ್ಟಿದ್ದೆ. ಕಥೆಯ ಇಬ್ಬರು ಯಾವ ದಿನ ಎಲ್ಲಿದ್ದರು ಎಂಬುದಕ್ಕೆ ಗ್ರಾಫ್ ಹಾಳೆ ಬರೆದುಕೊಂಡವನು ನನ್ನ ಪಾಳಿಗೆ ಅಂಥ ಒಂದು ಸಾಲನ್ನೂ ಬರೆದುಕೊಂಡಿರಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿತು.

ಆ ಗ್ರಾಫ್ ಹಾಳೆಯನ್ನೇ ಸಾಹೇಬರಿಗೆ ಒಯ್ದು ತೋರಿಸಿದೆ. ಲಾಗ್‌ಬುಕ್ಕಿನ ಪ್ರತಿ ಪಾಳಿಯ ಪುಟದ ಮೇಲ್ತುದಿಯಲ್ಲಿ ನಾಲ್ಕು ಗೆರೆ ಬಿಡೋಣ. ಹೋಗುವವರು ಅಲ್ಲಿ ಪೂರ್ತಿ ವಾಕ್ಯಗಳಲ್ಲಿ ಬರೆಯಲಿ, ಬರುವವರು ಓದಿ, ಸಂಬಂಧಪಟ್ಟ ಆಪರೇಟರಿಗೆ ಹೇಳಿದ ಮೇಲೆ ಹೊತ್ತು ಹಾಕಿ ಸಹಿ ಮಾಡಲಿ ಎಂದೆ. ಅವರು ಒಪ್ಪಿದರು. ಅದಕ್ಕೆ ಹೆಸರು ಕೊಟ್ಟದ್ದು ನಮ್ಮ ಸ್ಟೋರ್ ಕೀಪರ್. ಮುಧೋಳದವರಿಗೆ ರನ್ನ ಮನೆಯವನಿದ್ದಂತೆ. ಹತ್ತನೆಯ ಶತಮಾನದ ಆ ಕವಿ ಗದಾಯುದ್ಧದಲ್ಲಿ ಯುದ್ಧದ ಕೊನೆಯ ಘಟ್ಟವನ್ನು ಹಿಡಿದುಕೊಂಡೇ ಇಡೀ ಮಹಾಭಾರತದ ಕಥೆಯನ್ನು ಹಿಂದಿರುಗಿ ನೋಡಿ ಹೇಳುತ್ತಾನೆ. "ನಮ್ಮ ರನ್ನ ಇದನ್ನ ಆಗನ ಮಾಡ್ಯಾನ್ರೀ, ಸಿಂಹಾವಲೋಕನ ಅಂತ ಬರೀರಿ" ಎಂದರು ಅವರು. ಈಗ ಪ್ರತಿ ಪುಟದ ಮೇಲೆ ಆ ಹೆಸರಿನ ರಬ್ಬರ್ ಮುದ್ರೆ ಬೀಳುತ್ತದೆ.

ಮೊದಲ ದಿನಗಳಲ್ಲಿ ಹೆಚ್ಚಿನವರು "ಎಲ್ಲ ನಾರ್ಮಲ್" ಎಂದು ಬರೆದು ಹೋಗುತ್ತಿದ್ದರು. ಅದರಿಂದ ಪ್ರಯೋಜನವಿರಲಿಲ್ಲ. ಮೂರು ವಿಷಯ ಕಡ್ಡಾಯ ಎಂದು ಗೊತ್ತುಮಾಡಿದ ಮೇಲೆ ಅದಕ್ಕೆ ಜೀವ ಬಂತು: ಯಾವ ಉಪಕರಣ ಸುಳ್ಳು ಹೇಳುತ್ತಿದೆ ಮತ್ತು ಎಷ್ಟು, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಕ್ಲ್ಯಾರಿಫೈಯರಿನಲ್ಲಿ ಈಗ ನಿಂತಿರುವ ರಸ ಎಂಥದ್ದು. ಮೂರನೆಯದನ್ನು ಸೇರಿಸಿದ್ದು ನಾನೇ. ಹೊಸದಾಗಿ ಬಂದವನು ನೋಡುವ ತಿಳಿ ರಸ ಎರಡೂವರೆ ಗಂಟೆ ಹಿಂದಿನದು, ಅಂದರೆ ಹಿಂದಿನ ಪಾಳಿಯವರ ಕೈಯದು, ಎಂಬುದನ್ನು ಅನುಭವಿಗಳೂ ದಣಿದಾಗ ಮರೆಯುತ್ತಾರೆ. ರಜೆ ಮುಗಿಸಿ ಬಂದವರು ಮೊದಲ ಪಾಳಿಗೆ ಕೂರುವ ಮುನ್ನ ತಾವಿಲ್ಲದ ದಿನಗಳ ಸಿಂಹಾವಲೋಕನವನ್ನೆಲ್ಲ ಓದಬೇಕು ಎಂಬ ರೂಢಿಯೂ ತಾನಾಗಿ ಬೆಳೆಯಿತು. ಹತ್ತು ದಿನದ್ದಾದರೆ ಓದಲು ಇಪ್ಪತ್ತು ನಿಮಿಷ ಸಾಕು.

ಓದನ್ನು ನಾನು ಬಿಡಲಿಲ್ಲ, ಬಿಡಬೇಕೆಂದು ಯಾರೂ ಹೇಳಲೂ ಇಲ್ಲ. ಅಷ್ಟು ದೀರ್ಘವಾಗಿ ಒಂದರಲ್ಲೇ ನೆಲೆನಿಲ್ಲುವ ಮನಸ್ಸು ಮೊಬೈಲಿನ ದಿನಗಳಲ್ಲಿ ನನಗೆ ಮರಳಿ ಸಿಕ್ಕಿದ್ದೇ ಆ ಸಂಪುಟಗಳಿಂದ, ಅದನ್ನು ತಪ್ಪೆಂದು ನಾನು ಒಪ್ಪಲಾರೆ. ರಾತ್ರಿ ಪಾಳಿಯ ವಾರದಲ್ಲಿ ಮಾತ್ರ ಕಾದಂಬರಿ ತೆರೆಯುವುದಿಲ್ಲ; ಉಳಿದ ವಾರಗಳಲ್ಲಿ ಡ್ಯೂಟಿಗೆ ಎರಡು ಗಂಟೆ ಮೊದಲು ಪುಟಕ್ಕೆ ಗುರುತಿಟ್ಟು ಮುಚ್ಚುತ್ತೇನೆ. ಆ ಎರಡು ಗಂಟೆಯಲ್ಲಿ ರೊಟ್ಟಿ ಊಟವಾಗುತ್ತದೆ, ಮಗಳ ಲೆಕ್ಕ ನೋಡುತ್ತೇನೆ, ಆ ಲೋಕ ನಿಧಾನವಾಗಿ ಹಿಂದೆ ಸರಿಯುತ್ತದೆ.

ಮಾರ್ಚ್‌ನಲ್ಲಿ ಗಾಣ ನಿಂತ ಮೇಲೆ ಮೂರನೆಯ ಸಂಪುಟವನ್ನು ಅನುಬಂಧ ಸಹಿತ ಮುಗಿಸಿದೆ. ನನ್ನ ಗ್ರಾಫ್ ಹಾಳೆಯನ್ನು ಅನುಬಂಧದ ಪಟ್ಟಿಯೊಂದಿಗೆ ತಾಳೆ ನೋಡಿದಾಗ ಎರಡು ಕಡೆ ನಾನು ಒಂದೊಂದು ದಿನ ತಪ್ಪಿದ್ದೆ. ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಹಾಳೆಯನ್ನು ನಾಲ್ಕಾಗಿ ಮಡಿಚಿ ಎರಡನೆಯ ಸಂಪುಟದ ಮೊದಲ ಪುಟದಲ್ಲಿಟ್ಟು, ಯುಗಾದಿಗೆ ಶಿರಸಿಗೆ ಹೋದಾಗ ಮೂರೂ ಪುಸ್ತಕಗಳನ್ನು ಅಳಿಯನ ಕಪಾಟಿಗೆ ಮರಳಿಸಿ ಬಂದೆ.