ಹಡಗು ಸಿಕ್ಕಿಕೊಂಡ ವಾರದ ಇಂಗ್ಲಿಷ್ ಕ್ಲಾಸು

ನಮ್ಮ ಇಂಗ್ಲಿಷ್ ಮೇಡಂ ಮೊದಲ ವರ್ಷವೇ ನಮ್ಮ ಕೈಯಿಂದ ಪದಗಳ ಪಟ್ಟಿಯ ಪುಸ್ತಕ ಬಿಡಿಸಿದರು. ಸ್ಪರ್ಧಾತ್ಮಕ ಪರೀಕ್ಷೆಗೆ ಅಂತ ಎಲ್ಲರೂ ಇಟ್ಟುಕೊಳ್ಳುತ್ತಾರಲ್ಲ, ಆ ದಪ್ಪ ಪುಸ್ತಕ. ಅದರ ಬದಲು ಇಂಗ್ಲಿಷ್ ಪೇಪರಿನ ವಿದೇಶ ಪುಟ, ವಾಣಿಜ್ಯ ಪುಟ ಓದಿಕೊಂಡು ಬನ್ನಿ ಎಂದರು. ಕ್ರೀಡಾ ಪುಟಕ್ಕೆ ಹೋಗುವ ಆತುರದಲ್ಲಿ ನಾವು ದಾಟಿಸಿಬಿಡುತ್ತಿದ್ದ ಪುಟಗಳೇ ಅವು.

ಅದು 2018. ಅಮೆರಿಕ ಆಮದು ಉಕ್ಕಿನ ಮೇಲೆ ಶೇ 25, ಅಲ್ಯೂಮಿನಿಯಂ ಮೇಲೆ ಶೇ 10 ಸುಂಕ ಹಾಕಿದ ವರ್ಷ. ಚೀನಾ ಸುಮ್ಮನಿರಲಿಲ್ಲ, ಅದೂ ತಿರುಗಿ ಹಾಕಿತು. ಹಾಗಾಗಿ ಪದಗಳನ್ನು ಹುಡುಕಿಕೊಂಡು ಹೋಗುವ ಕಷ್ಟ ನಮಗಿರಲಿಲ್ಲ. ಬೆಳಗಾದರೆ ಸುಂಕಕ್ಕೆ ಟ್ಯಾರಿಫ್, ತಿರುಗೇಟು ಕೊಟ್ಟರೆ ರಿಟ್ಯಾಲಿಯೇಟ್, ಜಗಳ ಏರಿದರೆ ಎಸ್ಕಲೇಟ್, ವಿನಾಯಿತಿಗೆ ಎಕ್ಸೆಂಪ್ಷನ್. ಜಗಳ ಮುಂದುವರಿದಂತೆಲ್ಲ ಅವೇ ಪದಗಳು ಮತ್ತೆ ಮತ್ತೆ ಬರುತ್ತಿದ್ದವು. ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಮೇಡಂ ಅರ್ಥ ಕೇಳುತ್ತಿದ್ದುದು ಕಡಿಮೆ. "ಟ್ಯಾರಿಫ್ ಅಂತ ಬರ್ಕೊಂಡ್ರಿ, ಸರಿ. ಅದನ್ನ ಏನು ಮಾಡ್ತಾರೆ?" ಎಂದು ಕೇಳುತ್ತಿದ್ದರು. ಟ್ಯಾರಿಫ್ ಆದರೆ ಇಂಪೋಸ್, ಇಳಿಸಿದರೆ ಸ್ಲ್ಯಾಶ್. ಎಂಬಾರ್ಗೋ, ಅಂದರೆ ವ್ಯಾಪಾರ ನಿಷೇಧ, ತೆಗೆದರೆ ಲಿಫ್ಟ್. ಸ್ಯಾಂಕ್ಷನ್, ಅಂದರೆ ನಿರ್ಬಂಧ, ಸ್ವಲ್ಪ ಸಡಿಲವಾದರೆ ಈಸ್. ನಾಮಪದದ ಪಕ್ಕ ಅದರ ಕ್ರಿಯಾಪದ ಇಲ್ಲದಿದ್ದರೆ ನೋಟ್‌ಬುಕ್ ಹಾಗೇ ವಾಪಸ್ ಬರುತ್ತಿತ್ತು, ಸಹಿ ಇಲ್ಲದೆ. ಆಗ ಇದು ಕಿರಿಕಿರಿ ಅನಿಸುತ್ತಿತ್ತು. ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಕೈ ತಡೆಯದೆ ಓಡುವುದಕ್ಕೆ ಇದೇ ಕಾರಣ ಎಂದು ಈಗ ಗೊತ್ತಾಗುತ್ತದೆ.

ಇನ್ನೊಂದು ಅಭ್ಯಾಸವಿತ್ತು. ಒಂದೇ ಸುದ್ದಿಯನ್ನು ಎರಡು ದೇಶಗಳ ಪತ್ರಿಕೆಗಳಲ್ಲಿ ಓದಿಸುವುದು. ಸುಂಕ ಹಾಕಿದವರ ಬಾಯಲ್ಲಿ ಅದು ಸೇಫ್‌ಗಾರ್ಡ್, ಬರೀ ರಕ್ಷಣೆ. ಪೆಟ್ಟು ತಿಂದವರ ಬಾಯಲ್ಲಿ ಪ್ರೊಟೆಕ್ಷನಿಸಂ, ಹೊರಗಿನ ಸರಕನ್ನು ತಡೆದು ತಮ್ಮವರನ್ನು ಕಾಯುವ ನೀತಿ. ಅಗ್ಗದ ಸರಕನ್ನು ಕಳಿಸುವವರು ಕಾಂಪಿಟಿಟಿವ್ ಅಂತಾರೆ, ತಮ್ಮ ಮಾರುಕಟ್ಟೆ ಕಳೆದುಕೊಳ್ಳುವವರು ಡಂಪಿಂಗ್ ಅಂತಾರೆ. ಡಂಪಿಂಗ್ ಬಗ್ಗೆ ಕ್ಲಾಸಿನಲ್ಲಿ ದೊಡ್ಡ ವಾದವೇ ನಡೆಯಿತು. ಬರೀ ಅಗ್ಗ ಅಂದರೆ ಸಾಲದು. ಕಂಪನಿಯೊಂದು ತನ್ನ ದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ಹೊರಗೆ ಮಾರಿದರೆ ಮಾತ್ರ ವಿಶ್ವ ವ್ಯಾಪಾರ ಸಂಸ್ಥೆಯ ಲೆಕ್ಕದಲ್ಲಿ ಡಂಪಿಂಗ್. ಇಷ್ಟು ಗೊತ್ತಾದ ಮೇಲೆ ಭಾಷಣಗಳಲ್ಲಿ ಆ ಪದವನ್ನು ಎಷ್ಟು ಧಾರಾಳವಾಗಿ ಎಸೆಯುತ್ತಾರೆ ಅಂತ ನೋಡಿ ನಗು ಬರುತ್ತಿತ್ತು.

ಆದರೆ ನಮ್ಮ ಬ್ಯಾಚಿನವರನ್ನು ಕೇಳಿದರೆ ಎಲ್ಲರೂ ಹೇಳುವುದು ಕೊನೆಯ ವರ್ಷದ ಹಡಗಿನ ಕಥೆ. 2021ರ ಮಾರ್ಚ್ 23ರಂದು ಎವರ್ ಗಿವನ್ ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿತು. 400 ಮೀಟರ್ ಉದ್ದದ ಹಡಗು, ರಾಟರ್‌ಡ್ಯಾಮ್‌ಗೆ ಹೊರಟಿದ್ದು. ಮೇಡಂ ಬೋರ್ಡಿನ ಮೇಲೆ ಎರಡು ಗೆರೆ ಎಳೆದು ನಡುವೆ ಓರೆಯಾಗಿ ಒಂದು ಉದ್ದ ಡಬ್ಬಿ ಬರೆದರು. ದಿನಾ ಆ ಚಿತ್ರಕ್ಕೆ ಪದಗಳು ಸೇರುತ್ತಾ ಹೋದವು. ದಡಕ್ಕೆ ಸಿಕ್ಕಿಕೊಂಡ ಮೂತಿಯ ಹತ್ತಿರ ರನ್ ಅಗ್ರೌಂಡ್. ಮರಳು ತೋಡುವ ಕಡೆ ಡ್ರೆಜರ್. ಎಳೆಯುವ ಕಡೆ ಟಗ್. ಹಿಂದೆ ಕಾಯುತ್ತಿದ್ದ ನೂರಾರು ಹಡಗುಗಳ ಸಾಲಿಗೆ ಬ್ಯಾಕ್‌ಲಾಗ್. 29ರಂದು ರಿಫ್ಲೋಟ್ ಅಂತ ಬರೆದಾಗ ಕ್ಲಾಸಿನಲ್ಲಿ ಚಪ್ಪಾಳೆ!

ಹಡಗು ತೇಲಿದ ಮೇಲೆ ಪಾಠ ಇನ್ನೂ ರುಚಿಯಾಯಿತು. ಮಾಲೀಕರು ಜಪಾನಿನವರು, ನಡೆಸುವವರು ತೈವಾನಿನವರು, ಬಾವುಟ ಪನಾಮದ್ದು. ಹಾಗಾದರೆ ಹಡಗು ಯಾರದ್ದು ಅನ್ನುವ ಪ್ರಶ್ನೆಯಿಂದಲೇ ಬಾಡಿಗೆಗೆ ಪಡೆಯುವ ಚಾರ್ಟರ್, ಹಡಗಿನ ನೋಂದಣಿಯ ರಿಜಿಸ್ಟ್ರಿ, ನಷ್ಟದ ಹೊಣೆಯ ಲಯಬಿಲಿಟಿ ಬಂದವು. ಪರಿಹಾರದ ಜಗಳದಲ್ಲಿ ಕಾಲುವೆ ಪ್ರಾಧಿಕಾರ ಜುಲೈವರೆಗೂ ಹಡಗನ್ನು ಬಿಡಲಿಲ್ಲ. ಅದರಿಂದ ಇಂಪೌಂಡ್ ಸಿಕ್ಕಿತು. ಏಪ್ರಿಲ್‌ನಲ್ಲಿ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು ಅಂತ ಸುದ್ದಿ ಬಂತು. ಎಲ್ಲರೂ ಒಟ್ಟಿಗೆ "ಸಾಮಾನ್ಯ ಸರಾಸರಿ" ಎಂದೆವು. ಮೇಡಂ ನಕ್ಕರು. ಇದು ಸಮುದ್ರ ವ್ಯಾಪಾರದ ತುಂಬಾ ಹಳೆಯ ನಿಯಮ. ಹಡಗನ್ನು ಉಳಿಸಲು ಯಾರದೋ ಸರಕನ್ನು ನೀರಿಗೆ ಎಸೆದರೆ, ಅಥವಾ ಖರ್ಚು ಮಾಡಬೇಕಾಗಿ ಬಂದರೆ, ಆ ನಷ್ಟವನ್ನು ಹಡಗಿನವರೂ ಸರಕು ಕಳಿಸಿದವರೂ ಹಂಚಿಕೊಳ್ಳಬೇಕು. ನಿಮ್ಮ ಕಂಟೇನರ್‌ಗೆ ಒಂದು ಗೀರೂ ಬೀಳದಿದ್ದರೂ ನಿಮ್ಮ ಪಾಲು ಕಟ್ಟಲೇಬೇಕು. ಆವರೇಜ್‌ಗೆ ಇಲ್ಲಿ ನಷ್ಟ ಅನ್ನುವ ಅರ್ಥ.

ಹೀಗೆ ಊಹಿಸುವ ಒಂದು ವಿಷಯದಲ್ಲೇ ಮೇಡಂ ಜೊತೆ ನನಗೆ ಈಗಲೂ ತಕರಾರಿದೆ. ಮೊದಲು ಸಂದರ್ಭ ನೋಡಿ ಊಹಿಸಿ, ಡಿಕ್ಷನರಿ ಆಮೇಲೆ ಅನ್ನುವುದು ಅವರ ನಿಯಮ. ಸುದ್ದಿಯ ಭಾಷೆಗೆ ಅದು ಸರಿ. ಒಪ್ಪಂದದ ಭಾಷೆಗೆ ನಡೆಯಲ್ಲ. ನಾನೀಗ ಸರಕು ಸಾಗಣೆಯ ಕಾಗದಪತ್ರ ನೋಡುವ ಕೆಲಸದಲ್ಲಿದ್ದೇನೆ. ಡೆಮರೇಜ್ ಅನ್ನುವುದನ್ನು ಡ್ಯಾಮೇಜ್‌ನ ತಮ್ಮ ಅಂತ ಊಹಿಸಿಕೊಂಡು ಬರುವ ಹೊಸಬರು ಇದ್ದಾರೆ. ಅದು ಬಂದರಿನಲ್ಲಿ ಉಚಿತ ಅವಧಿ ಮುಗಿದ ಮೇಲೂ ಕಂಟೇನರ್ ಬಿಡಿಸಿಕೊಳ್ಳದಿದ್ದರೆ ದಿನಕ್ಕಿಷ್ಟು ಅಂತ ಬೀಳುವ ಶುಲ್ಕ. ಮೇಡಂ ಎದುರಿಗೆ ಸಿಕ್ಕಾಗ ಇದನ್ನು ಹೇಳಿದೆ. "ಊಹೆ ಮಾಡಿ ಅಂದೆ, ಊಹೆ ಮೇಲೆ ಸಹಿ ಹಾಕಿ ಅಂದ್ನೇನೋ?" ಅಂದರು. ಉತ್ತರ ನನಗೆ ಪೂರ್ತಿ ಒಪ್ಪಿಗೆಯಿಲ್ಲ.