ಪಿಎಫ್, ಪಿಪಿಎಫ್, ಫಂಡ್: ಹಣ ಸೋರುವುದು ಸಂದುಗಳಲ್ಲಿ

ಯಾವ ಫಂಡ್ ಒಳ್ಳೆಯದು, ಮಾರುಕಟ್ಟೆ ಇನ್ನೂ ಏರುತ್ತದೋ ಬೀಳುತ್ತದೋ ಎಂಬ ಚರ್ಚೆಗೆ ಎಲ್ಲೂ ಬರವಿಲ್ಲ. ಆದರೆ ತಿಂಗಳ ಸಂಬಳದವರ ನಿವೃತ್ತಿ ಹಣ ಕರಗುವ ಜಾಗಗಳೇ ಬೇರೆ: ಕೆಲಸ ಬಿಟ್ಟಾಗ ಯಾರೂ ತುಂಬದ ಒಂದು ದಿನಾಂಕ, ಒಂದು ದಿನ ತಡವಾಗಿ ಕಟ್ಟಿದ ಕಂತು, ಕೊಡಲು ಮರೆತ ಒಂದು ಫಾರ್ಮ್. ಇವುಗಳ ಬಗ್ಗೆ ಯಾರೂ ವಿಡಿಯೊ ಮಾಡುವುದಿಲ್ಲ, ಏಕೆಂದರೆ ಮಾರಲು ಇದರಲ್ಲಿ ಏನೂ ಇಲ್ಲ. ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಅನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ, ಅದಕ್ಕೆ ಬೇರೆ ಬರಹವೇ ಬೇಕು.

ಪಿಎಫ್

ಮೊದಲು ಪಾಸ್‌ಬುಕ್ ಓದುವುದನ್ನು ಕಲಿಯೋಣ. ನಿಮ್ಮ ಬೇಸಿಕ್ ಮತ್ತು ಡಿಎ ಸೇರಿ 40,000 ರೂಪಾಯಿ, ಕಂಪನಿ ಪೂರ್ತಿ ಮೊತ್ತದ ಮೇಲೆ ಪಿಎಫ್ ಕಟ್ಟುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಪಾಲು ಶೇ 12, ಅಂದರೆ 4,800. ಕಂಪನಿಯದೂ 4,800. ಹಾಗಾದರೆ ತಿಂಗಳಿಗೆ 9,600 ಜಮೆಯಾಗಬೇಕಲ್ಲ ಎಂದು ಲೆಕ್ಕ ಹಾಕಿದವರಿಗೆ ಪಾಸ್‌ಬುಕ್ ನೋಡಿದಾಗ ಗಾಬರಿಯಾಗುತ್ತದೆ. ನೀವು ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ ಕಂಪನಿಯ ಪಾಲಿನಿಂದ 1,250 ರೂಪಾಯಿ ಅತ್ತ ಹೋಗುತ್ತದೆ. ಅದು 15,000 ರೂಪಾಯಿ ಮಿತಿಯ ಶೇ 8.33. ಉಳಿದ 3,550 ಮಾತ್ರ ಪಿಎಫ್‌ಗೆ. ಬಡ್ಡಿ ಸಿಗುವುದು ಈ 8,350ಕ್ಕೆ. ಪಿಂಚಣಿಯ ಕಾಲಂನಲ್ಲಿರುವ ಹಣಕ್ಕೆ ಬಡ್ಡಿ ಇಲ್ಲ, ಅಲ್ಲಿ ಲೆಕ್ಕಕ್ಕೆ ಬರುವುದು ಸೇವೆಯ ವರ್ಷಗಳು ಮತ್ತು ಸಂಬಳ.

ಇದು ಗೊತ್ತಿದ್ದರೆ ಇನ್ನೊಂದು ಗಾಬರಿಯೂ ತಪ್ಪುತ್ತದೆ. ಹಳೆ ಕಂಪನಿಯ ಪಿಎಫ್ ಅನ್ನು ಹೊಸದಕ್ಕೆ ವರ್ಗಾಯಿಸಿದಾಗ ಹೊಸ ಪಾಸ್‌ಬುಕ್‌ನ ಪಿಂಚಣಿ ಕಾಲಂನಲ್ಲಿ ಸೊನ್ನೆ ಕಾಣುತ್ತದೆ. ಹಣ ಎಲ್ಲೂ ಹೋಗಿಲ್ಲ. ಪಿಂಚಣಿಯಲ್ಲಿ ವರ್ಗವಾಗುವುದು ಸೇವಾವಧಿ. ಅದು ಸರಿಯಾಗಿ ಬಂದಿದೆಯೇ ಎಂದು ನೋಡಬೇಕಾದ್ದು ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಪೋರ್ಟಲ್‌ನ ಸರ್ವಿಸ್ ಹಿಸ್ಟರಿಯಲ್ಲಿ ಮತ್ತು ವರ್ಗಾವಣೆಯ ವಿವರ ಕೊಡುವ ಅನೆಕ್ಷರ್ ಕೆ ಎಂಬ ಪತ್ರದಲ್ಲಿ. ಆ ಪತ್ರವನ್ನು ಇಳಿಸಿಕೊಂಡು ಜೋಪಾನ ಮಾಡಿ.

ವರ್ಗಾವಣೆ ಸಿಕ್ಕಿಬೀಳುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಹಳೆ ಕಂಪನಿ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಿರುವುದೇ ಇಲ್ಲ. ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಇದನ್ನು ನೀವೇ ಪೋರ್ಟಲ್‌ನ ಮಾರ್ಕ್ ಎಕ್ಸಿಟ್‌ನಲ್ಲಿ ತುಂಬಬಹುದು. ಎಚ್‌ಆರ್‌ಗೆ ಮೇಲ್ ಮೇಲೆ ಮೇಲ್ ಕಳಿಸಿ ಕಾಯಬೇಕಿಲ್ಲ. ಆದರೆ ಕೊಡುವ ದಿನಾಂಕ ಕೊನೆಯ ಕಂತು ಬಿದ್ದ ತಿಂಗಳೊಳಗೇ ಇರಬೇಕು. ಇನ್ನೊಂದು, ಹಳೆ ಕಂಪನಿ ಬಿಟ್ಟ ದಿನಾಂಕ ಹೊಸ ಕಂಪನಿ ಸೇರಿದ ದಿನಾಂಕಕ್ಕಿಂತ ಮುಂದಿನದಾಗಿರುವುದು. ಒಂದೇ ದಿನ ಎರಡು ಕಡೆ ಕೆಲಸ ಮಾಡಿದಂತೆ ದಾಖಲೆ ತೋರಿಸಿದರೆ ಅರ್ಜಿಗೆ ತೊಡಕಾಗಬಹುದು. ರಿಲೀವಿಂಗ್ ಲೆಟರ್ ಕೈಗೆ ಬಂದ ದಿನವೇ ಎರಡೂ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆಮೇಲಿನ ಅಲೆದಾಟ ತಪ್ಪುತ್ತದೆ.

ಕೆಲಸ ಬದಲಿಸಿದಾಗ ‘ಸ್ವಲ್ಪವೇ ಇದೆ, ತೆಗೆದುಬಿಡೋಣ’ ಎನ್ನುವುದು ದುಬಾರಿ ಯೋಚನೆ. ಸತತ 5 ವರ್ಷ ಸೇವೆಯಾಗುವ ಮುನ್ನ ತೆಗೆದ ಪಿಎಫ್‌ಗೆ ತೆರಿಗೆ ಬೀಳುತ್ತದೆ. ವರ್ಗಾಯಿಸಿದರೆ ಹಿಂದಿನ ಸೇವೆಯೂ ಆ 5 ವರ್ಷಕ್ಕೆ ಸೇರುತ್ತದೆ. ಪಿಂಚಣಿಯಲ್ಲಿ ಪೆಟ್ಟು ಇನ್ನೂ ಜೋರು. ಒಂದು ಕಡೆ 6 ವರ್ಷ ದುಡಿದು, ಫಾರ್ಮ್ 10ಸಿ ಕೊಟ್ಟು ಪಿಂಚಣಿ ಹಣ ತೆಗೆದವರ ಆ 6 ವರ್ಷ ಅಳಿಸಿಹೋಯಿತು. ಮುಂದೆ 7 ವರ್ಷ ದುಡಿದರೂ ಪಿಂಚಣಿಗೆ ಬೇಕಾದ 10 ವರ್ಷ ತುಂಬುವುದಿಲ್ಲ. ತೆಗೆಯದೇ ಇದ್ದಿದ್ದರೆ 13 ವರ್ಷ. ಲೆಕ್ಕದ ಸೂತ್ರ ಸರಳ: ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 15,000 ಗುಣಿಸು 13, ಭಾಗಿಸು 70, ತಿಂಗಳಿಗೆ ಸುಮಾರು 2,785 ರೂಪಾಯಿ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಜೀವನಪರ್ಯಂತ ಬರುವಂಥದ್ದು, ನಂತರ ಸಂಗಾತಿಗೂ ಒಂದು ಪಾಲು ಸಲ್ಲುವಂಥದ್ದು.

2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿ, ಆಗಲೇ ಬೇಸಿಕ್ 15,000 ದಾಟಿದ್ದವರು ಪಿಂಚಣಿ ಯೋಜನೆಗೆ ಬರುವುದೇ ಇಲ್ಲ. ಅವರ ಕಂಪನಿ ಪಾಲು ಪೂರ್ತಿ ಪಿಎಫ್‌ಗೇ ಹೋಗಬೇಕು. ಅಭ್ಯಾಸಬಲದಿಂದ 1,250 ಅನ್ನು ಪಿಂಚಣಿಗೆ ಕಳಿಸುವ ಕಂಪನಿಗಳಿವೆ. ವರ್ಷಗಳ ನಂತರ ಹಣ ತೆಗೆಯಲು ಹೋದಾಗ ಇದು ಎದ್ದು ಕೂರುತ್ತದೆ. ಸರಿಪಡಿಸಬೇಕಾದ್ದು ಕಂಪನಿಯ ಮೂಲಕವೇ, ಆದ್ದರಿಂದ ಕಂಪನಿ ಬಿಡುವ ಮುಂಚೆ ಕೇಳುವುದು ಲೇಸು.

ಬಡ್ಡಿಯನ್ನು ತಿಂಗಳ ಬಾಕಿಯ ಮೇಲೆ ಲೆಕ್ಕ ಹಾಕಿ ವರ್ಷಕ್ಕೊಮ್ಮೆ ಸೇರಿಸುತ್ತಾರೆ. ಪಾಸ್‌ಬುಕ್‌ನಲ್ಲಿ ತಡವಾಗಿ ಕಂಡರೆ ನಷ್ಟವೇನಿಲ್ಲ. ಕಂತೇ ಕಾಣದಿದ್ದರೆ ಮಾತ್ರ ಎಚ್ಚರ. ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪೇ ಸ್ಲಿಪ್‌ನಲ್ಲಿ ಕಡಿತವಾಗಿ ಪಾಸ್‌ಬುಕ್‌ನಲ್ಲಿ ಎರಡು ತಿಂಗಳು ಖಾಲಿ ಎಂದರೆ ಮೊದಲು ಕಂಪನಿಗೆ ಲಿಖಿತವಾಗಿ ಕೇಳಿ, ಉತ್ತರ ಬಾರದಿದ್ದರೆ ಇಪಿಎಫ್‌ಒ ದೂರು ಪೋರ್ಟಲ್‌ನಲ್ಲಿ ಪೇ ಸ್ಲಿಪ್ ಲಗತ್ತಿಸಿ.

ಹೆಚ್ಚುವರಿ ಹಣ: ವಿಪಿಎಫ್ ಮೊದಲೋ ಪಿಪಿಎಫ್ ಮೊದಲೋ

ಶೇ 12ಕ್ಕಿಂತ ಹೆಚ್ಚಿಗೆ ನೀವಾಗಿ ಕಟ್ಟುವುದು ವಿಪಿಎಫ್. ಅದಕ್ಕೂ ಪಿಎಫ್‌ನದೇ ಬಡ್ಡಿ, 2024–25ಕ್ಕೆ ಶೇ 8.25. ಒಂದು ಗೆರೆ ಮಾತ್ರ ಇದೆ: 2021ರ ಏಪ್ರಿಲ್‌ನಿಂದ, ವರ್ಷಕ್ಕೆ ನಿಮ್ಮ ಪಾಲು 2.5 ಲಕ್ಷ ದಾಟಿದರೆ ದಾಟಿದ ಭಾಗದ ಬಡ್ಡಿಗೆ ತೆರಿಗೆ. ತಿಂಗಳಿಗೆ ಹಂಚಿದರೆ 20,833. ಮೇಲಿನ ಉದಾಹರಣೆಯಲ್ಲಿ 4,800 ಆಗಲೇ ಕಡಿತವಾಗುತ್ತಿದೆ, ಹಾಗಾಗಿ 16,000 ರೂಪಾಯಿವರೆಗೆ ವಿಪಿಎಫ್ ಹಾಕಲು ಜಾಗವಿದೆ. ಗೆರೆ ದಾಟಿದ ಮೇಲೆ ಶೇ 30ರ ಸ್ತರದವರಿಗೆ ಸೆಸ್ ಸೇರಿ ಶೇ 31.2 ತೆರಿಗೆ ಹೋಗಿ ಕೈಗೆ ಉಳಿಯುವ ಬಡ್ಡಿ ಶೇ 5.68ರಷ್ಟು. ಪಿಪಿಎಫ್ (ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ತೆರೆಯುವ ಸರ್ಕಾರಿ ಉಳಿತಾಯ ಖಾತೆ) ಕೊಡುವ ತೆರಿಗೆಯಿಲ್ಲದ ಶೇ 7.1 ಆಗ ಗೆಲ್ಲುತ್ತದೆ. ಗೆರೆಯವರೆಗೆ ವಿಪಿಎಫ್, ಆಮೇಲೆ ಪಿಪಿಎಫ್: ಇದು ನಾನು ಹೇಳುವ ಕ್ರಮ. ಹೊಸ ತೆರಿಗೆ ಪದ್ಧತಿಯಲ್ಲಿ 80ಸಿ ಕಡಿತ (ಕಟ್ಟಿದ ಹಣಕ್ಕೆ ಸಿಗುವ ತೆರಿಗೆ ರಿಯಾಯಿತಿ) ಇಲ್ಲದಿದ್ದರೂ ಈ ಬಡ್ಡಿಗಳ ವಿನಾಯಿತಿ ಉಳಿದಿದೆ. ‘ತೆರಿಗೆ ಉಳಿಸಲು’ ಎಂದು ಮಾರ್ಚ್ ಕೊನೆಯಲ್ಲಿ ಓಡುವ ಕಾರಣ ಮಾತ್ರ ಹೋಯಿತು. ಅದು ಒಳ್ಳೆಯದೇ ಆಯಿತು.

ಯಾಕೆಂದರೆ ಪಿಪಿಎಫ್‌ನಲ್ಲಿ ದಿನಾಂಕವೇ ಹಣ. ಪ್ರತಿ ತಿಂಗಳ 5ನೇ ತಾರೀಕಿನ ಕೊನೆಯಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಬಾಕಿಗೆ ಆ ತಿಂಗಳ ಬಡ್ಡಿ. ಏಪ್ರಿಲ್ 5ರೊಳಗೆ ಒಂದೂವರೆ ಲಕ್ಷ ಕಟ್ಟಿದರೆ ಆ ವರ್ಷ ಅದಕ್ಕೆ 10,650 ರೂಪಾಯಿ ಬಡ್ಡಿ. 6ಕ್ಕೆ ಕಟ್ಟಿದರೆ ಒಂದು ತಿಂಗಳದ್ದು, ಅಂದರೆ 887 ರೂಪಾಯಿ ಹೋಯಿತು. ಮಾರ್ಚ್ 31ಕ್ಕೆ ಕಟ್ಟಿದರೆ ಆ ವರ್ಷದ್ದು ಪೂರ್ತಿ ಹೋಯಿತು. ತಿಂಗಳ ಕಂತಿನವರು ಆಟೊ ಡೆಬಿಟ್ ಅನ್ನು 1ನೇ ಅಥವಾ 2ನೇ ತಾರೀಕಿಗೆ ಇಡಿ. 5ಕ್ಕೇ ಇಟ್ಟು, ಅಂದು ಭಾನುವಾರ ಬಂದರೆ ಏನಾಗುತ್ತದೆ ಎಂದು ಪರೀಕ್ಷಿಸಬೇಡಿ. ಇನ್ನೊಂದು ಮಾತು: ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ನಿಮ್ಮ ಖಾತೆ ಮತ್ತು ನೀವು ಪೋಷಕರಾಗಿರುವ ಮಗುವಿನ ಖಾತೆ ಎರಡಕ್ಕೂ ಸೇರಿ. ಹೆಚ್ಚಿಗೆ ಕಟ್ಟಿದ್ದಕ್ಕೆ ಬಡ್ಡಿ ಸಿಗುವುದಿಲ್ಲ.

ಪಿಪಿಎಫ್‌ನ ಅವಧಿ ಹದಿನೈದು ವರ್ಷ ಎಂಬುದರ ಎಣಿಕೆಯಲ್ಲೂ ಹಲವರು ಎಡವುತ್ತಾರೆ. ಖಾತೆ ತೆರೆದ ಆರ್ಥಿಕ ವರ್ಷ ಮುಗಿದ ಮೇಲಿಂದ ಎಣಿಕೆ ಶುರು. 2012ರ ಜುಲೈನಲ್ಲಿ ತೆರೆದ ಖಾತೆ ಅವಧಿ ಮುಗಿಸುವುದು 2028ರ ಮಾರ್ಚ್ 31ಕ್ಕೆ. ಆಮೇಲೆ ಒಂದು ವರ್ಷದೊಳಗೆ ನೀವು ನಿರ್ಧರಿಸಬೇಕು. ಕಂತು ಕಟ್ಟುತ್ತಾ ಇನ್ನೂ 5 ವರ್ಷ ಮುಂದುವರಿಸುವುದಾದರೆ ಫಾರ್ಮ್ 4 ಕೊಡಲೇಬೇಕು. ಕೊಡದೆ ಸುಮ್ಮನಿದ್ದರೆ ಖಾತೆ ತಾನಾಗಿ ಕಂತಿಲ್ಲದ ವಿಸ್ತರಣೆಗೆ ಹೋಗುತ್ತದೆ, ಬಡ್ಡಿ ಬರುತ್ತಿರುತ್ತದೆ, ಆದರೆ ವರ್ಷ ಕಳೆದ ಮೇಲೆ ಕಂತಿನ ಬಾಗಿಲು ಮತ್ತೆ ತೆರೆಯುವುದಿಲ್ಲ. ಫಾರ್ಮ್ ಕೊಡದೆ ಆನ್‌ಲೈನ್‌ನಲ್ಲಿ ಕಂತು ಹಾಕುತ್ತಾ ಹೋದವರ ಆ ಹಣಕ್ಕೆ ಬಡ್ಡಿ ಇಲ್ಲ. ಆ್ಯಪ್ ಹಣ ತೆಗೆದುಕೊಂಡಿತು ಎಂದರೆ ನಿಯಮ ಒಪ್ಪಿತು ಎಂದಲ್ಲ. ಹಣ ಬೇಕಾದಾಗ ಕಂತಿಲ್ಲದ ವಿಸ್ತರಣೆಯೇ ಸಲೀಸು: ವರ್ಷಕ್ಕೊಮ್ಮೆ ಎಷ್ಟು ಬೇಕಾದರೂ ತೆಗೆಯಬಹುದು. ಕಂತಿರುವ ವಿಸ್ತರಣೆಯಲ್ಲಿ ಆ 5 ವರ್ಷದ ಆರಂಭದ ಬಾಕಿಯ ಶೇ 60ರವರೆಗೆ ಮಾತ್ರ.

ಫಂಡ್‌ಗಳ ಬಗ್ಗೆ ಸ್ವಲ್ಪ

2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡ್‌ಗೂ ಡೈರೆಕ್ಟ್ ಪ್ಲ್ಯಾನ್, ಅಂದರೆ ಏಜೆಂಟರಿಲ್ಲದೆ ನೇರವಾಗಿ ಕೊಳ್ಳುವ ದಾರಿ, ಇದೆ. ರೆಗ್ಯುಲರ್ ಪ್ಲ್ಯಾನ್‌ನಲ್ಲಿ ಏಜೆಂಟರ ಕಮಿಷನ್ ಪ್ರತಿದಿನದ ಎನ್‌ಎವಿಯಿಂದಲೇ (ಒಂದು ಯೂನಿಟ್‌ನ ಬೆಲೆ) ಕಳೆದುಹೋಗುವುದರಿಂದ ಕಣ್ಣಿಗೆ ಕಾಣುವುದಿಲ್ಲ. ತಿಂಗಳಿಗೆ 10,000ದಂತೆ 25 ವರ್ಷ, ಲೆಕ್ಕಕ್ಕೆಂದು ವರ್ಷಕ್ಕೆ ಶೇ 11 ಹಿಡಿದರೆ ಸುಮಾರು 1.58 ಕೋಟಿ. ವೆಚ್ಚ ಶೇ 1ರಷ್ಟು ಹೆಚ್ಚಾಗಿ ಶೇ 10 ಉಳಿದರೆ 1.33 ಕೋಟಿ. ವ್ಯತ್ಯಾಸ 25 ಲಕ್ಷ.

ಇದನ್ನು ಓದಿ ಎಲ್ಲವನ್ನೂ ಒಂದೇ ದಿನ ಡೈರೆಕ್ಟ್‌ಗೆ ಬದಲಿಸಲು ಹೊರಡಬೇಡಿ. ಸ್ವಿಚ್ ಎಂದರೆ ತೆರಿಗೆಯ ಕಣ್ಣಿನಲ್ಲಿ ಮಾರಾಟ. ಈಕ್ವಿಟಿ (ಷೇರು) ಫಂಡ್‌ನಲ್ಲಿ ಒಂದು ವರ್ಷ ಮೀರಿದ ಯೂನಿಟ್‌ಗಳ ಲಾಭ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಅದರಾಚೆ ಶೇ 12.5. ವರ್ಷ ತುಂಬದ್ದಕ್ಕೆ ಶೇ 20, ಮೇಲೆ ಎಕ್ಸಿಟ್ ಲೋಡ್ (ಬೇಗ ಮಾರಿದ್ದಕ್ಕೆ ಫಂಡ್ ಹಿಡಿಯುವ ಶುಲ್ಕ). ಎಸ್‌ಐಪಿಯ (ತಿಂಗಳ ಕಂತಿನ ಹೂಡಿಕೆ) ಒಂದೊಂದು ಕಂತಿಗೂ ಒಂದು ವರ್ಷದ ಲೆಕ್ಕ ಬೇರೆ ಬೇರೆ, ಮೊದಲು ಕೊಂಡ ಯೂನಿಟ್ ಮೊದಲು ಮಾರಾಟವಾಗುತ್ತದೆ. ಹಾಗಾಗಿ ರೆಗ್ಯುಲರ್ ಎಸ್‌ಐಪಿ ಇಂದೇ ನಿಲ್ಲಿಸಿ ಹೊಸ ಕಂತನ್ನು ಡೈರೆಕ್ಟ್‌ನಲ್ಲಿ ಶುರು ಮಾಡಿ. ಹಳೆಯದನ್ನು ಪ್ರತಿ ಆರ್ಥಿಕ ವರ್ಷ 1.25 ಲಕ್ಷ ಲಾಭದ ಮಿತಿಯೊಳಗೆ ತುಂಡು ತುಂಡಾಗಿ ಸಾಗಿಸಿ.

ಎಲ್ಲವನ್ನೂ ಒಟ್ಟಿಗೆ ನೋಡಿದಾಗ

ಪಿಎಫ್ 18 ಲಕ್ಷ, ಪಿಪಿಎಫ್ 7 ಲಕ್ಷ, ಈಕ್ವಿಟಿ ಫಂಡ್ 25 ಲಕ್ಷ ಇರುವವರನ್ನು ತೆಗೆದುಕೊಳ್ಳಿ. ಫಂಡ್ ಆ್ಯಪ್ ಮಾತ್ರ ನೋಡಿದರೆ ನೂರಕ್ಕೆ ನೂರು ಈಕ್ವಿಟಿ, ನಿಜದಲ್ಲಿ ಅರ್ಧರ್ಧ. ಅದೇ ಇರಲಿ ಎನ್ನುವುದು ಅವರ ಗುರಿ. ಮಾರುಕಟ್ಟೆ ಶೇ 30 ಬಿತ್ತು ಎನ್ನಿ. ಈಕ್ವಿಟಿ 17.5 ಲಕ್ಷ, ಒಟ್ಟು 42.5 ಲಕ್ಷ, ಪಾಲು ಶೇ 41. ಮತ್ತೆ ಅರ್ಧಕ್ಕೆ ತರಲು 3.75 ಲಕ್ಷ ಈಕ್ವಿಟಿಗೆ ಹೋಗಬೇಕು. ಎಲ್ಲಿಂದ? ಪಿಎಫ್ ಆಗಲಿ ಪಿಪಿಎಫ್ ಆಗಲಿ ಷೇರು ಅಗ್ಗವಾಯಿತೆಂದು ಬಾಗಿಲು ತೆರೆಯುವುದಿಲ್ಲ. ಪುಸ್ತಕದ ಪ್ರಕಾರ ರೀಬ್ಯಾಲೆನ್ಸಿಂಗ್ (ಹೀಗೆ ಪಾಲನ್ನು ಮತ್ತೆ ಗುರಿಗೆ ತರುವುದು) ಹೇಳಿಕೊಡುವವರು ಈ ಬೀಗದ ವಿಷಯ ಎತ್ತುವುದೇ ಕಡಿಮೆ.

ಅದಕ್ಕೇ ಷೇರಲ್ಲದ, ಬಡ್ಡಿ ತರುವ ಭಾಗವೆಲ್ಲ ಪಿಎಫ್, ಪಿಪಿಎಫ್‌ನಲ್ಲೇ ಇರಬಾರದು. ಈ ಉದಾಹರಣೆಯಲ್ಲಿ ಸುಮಾರು 4 ಲಕ್ಷವಾದರೂ ಕಡಿಮೆ ಅವಧಿಯ ಡೆಟ್ ಫಂಡ್‌ನಲ್ಲಿ (ಸಾಲಪತ್ರಗಳಲ್ಲಿ ಹೂಡುವ ಫಂಡ್) ಇರಬೇಕು. 2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ ಫಂಡ್‌ನ ಲಾಭಕ್ಕೆ ನಿಮ್ಮ ಸ್ತರದ ತೆರಿಗೆ ಬೀಳುತ್ತದೆ, ಬಡ್ಡಿಯೂ ಪಿಎಫ್‌ನಷ್ಟಿಲ್ಲ. ಆದರೂ ಬೇಕು, ಬೇಕಾದ ದಿನ ಕೈಗೆ ಬರುವ ಹಣ ಅದೊಂದೇ. ಇದು ತುರ್ತು ನಿಧಿಯಿಂದ ಬೇರೆಯಾಗಿರಲಿ. ಮಾರುಕಟ್ಟೆ ಏರಿ ಈಕ್ವಿಟಿಯ ಪಾಲು ಹೆಚ್ಚಾದಾಗ ಮಾರುವ ಅವಸರ ಬೇಡ, ಹೊಸ ಹಣವನ್ನು ಆರೇಳು ತಿಂಗಳು ವಿಪಿಎಫ್ ಅಥವಾ ಡೆಟ್ ಕಡೆ ತಿರುಗಿಸಿದರೆ ತೆರಿಗೆಯಿಲ್ಲದೆ ಸರಿಹೋಗುತ್ತದೆ. ಗುರಿಯಿಂದ 5 ಶೇಕಡಾ ಅಂಶ ಆಚೀಚೆ ಆಗುವವರೆಗೆ ಮುಟ್ಟಬೇಕಿಲ್ಲ.

ನಾಮಿನಿ ವಿಷಯವನ್ನು ಪಿಎಫ್‌ನಲ್ಲಿ ವಿಶೇಷವಾಗಿ ನೋಡಿ. ಕುಟುಂಬ ಎಂಬುದಕ್ಕೆ ಅಲ್ಲಿ ಕಾನೂನಿನದೇ ಅರ್ಥವಿದೆ, ಅಣ್ಣತಮ್ಮಂದಿರು ಅದರಲ್ಲಿ ಬರುವುದಿಲ್ಲ. ಮದುವೆಗೆ ಮುಂಚೆ ತಮ್ಮನ ಹೆಸರು ಬರೆದಿದ್ದರೆ ಮದುವೆಯಾದ ಕೂಡಲೇ ಆ ನಾಮನಿರ್ದೇಶನ ಬಿದ್ದುಹೋಗುತ್ತದೆ. ಹೊಸದಾಗಿ ಇ-ನಾಮಿನೇಷನ್ ಮಾಡಿ, ಕೊನೆಯಲ್ಲಿ ಆಧಾರ್ ಒಟಿಪಿಯ ಇ-ಸೈನ್ ಮುಗಿಸಿ. ಹೆಸರು, ಫೋಟೊ ಎಲ್ಲ ಸೇರಿಸಿ ಇ-ಸೈನ್ ಮಾಡದೆ ಬಿಟ್ಟರೆ ಅರ್ಜಿ ಪೂರ್ತಿಯಾಗಿಲ್ಲ.

ನಿವೃತ್ತಿ ಹತ್ತಿರವಾದವರಿಗೆ ಎರಡು ಗಡುವುಗಳು. 55 ದಾಟಿ ನಿವೃತ್ತರಾದವರ ಪಿಎಫ್ ಅನ್ನು 3 ವರ್ಷ ಮೀರಿ ಹಾಗೇ ಬಿಟ್ಟರೆ ಬಡ್ಡಿ ನಿಲ್ಲುತ್ತದೆ, ಕೆಲಸ ಬಿಟ್ಟ ನಂತರ ಬಂದ ಬಡ್ಡಿಗೆ ತೆರಿಗೆಯೂ ಇದೆ. 55ರಿಂದ 60ರ ನಡುವೆ ನಿವೃತ್ತರಾದವರು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸೇರಬೇಕೆಂದರೆ ನಿವೃತ್ತಿಯ ಹಣ ಕೈಗೆ ಬಂದ 3 ತಿಂಗಳೊಳಗೆ ಖಾತೆ ತೆರೆಯಬೇಕು, ಮಿತಿ 30 ಲಕ್ಷ. ಖಾತೆ ತೆರೆದ ದಿನದ ಬಡ್ಡಿದರವೇ 5 ವರ್ಷಕ್ಕೂ ನಿಗದಿ, ಪಾವತಿ ಮೂರು ತಿಂಗಳಿಗೊಮ್ಮೆ. ಪಿಎಫ್ ಅರ್ಜಿ ಹಾಕುವ ಮುನ್ನವೇ ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಕೇಳಿ, ಕಂಪನಿಯಿಂದ ನಿವೃತ್ತಿ ಪತ್ರ ಮತ್ತು ಪಾವತಿಯ ವಿವರ ತೆಗೆದಿಟ್ಟುಕೊಳ್ಳಿ. ಹಣ ಬಂದಾದ ಮೇಲೆ ಆ ಪತ್ರಕ್ಕಾಗಿ ಹಳೆ ಕಚೇರಿಗೆ ಅಲೆಯುವುದರಲ್ಲೇ ಮೂರು ತಿಂಗಳು ಕಳೆದುಹೋಗಬಹುದು.