ತಾಳ ನೋಡಿ ಕಟ್ಟಿದ ಸಬ್‌ಟೈಟಲ್

ನಾನು ಚಲನಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತರಬೇತಿಗೆಂದು ನನ್ನ ಕೈಗೆ ಬಂದದ್ದು ಜಾಜ್ ಗಾಯಕಿ ಬಿಲ್ಲಿ ಹಾಲಿಡೇ ಅವರ ಬದುಕನ್ನು ಆಧರಿಸಿದ, 2021ರಲ್ಲಿ ತೆರೆಕಂಡ ‘ದಿ ಯುನೈಟೆಡ್ ಸ್ಟೇಟ್ಸ್ ವರ್ಸಸ್ ಬಿಲ್ಲಿ ಹಾಲಿಡೇ’ ಎಂಬ ಚಿತ್ರ. ಲೀ ಡೇನಿಯಲ್ಸ್ ನಿರ್ದೇಶನದ ಈ ಚಿತ್ರದಲ್ಲಿ ಹಾಲಿಡೇ ಪಾತ್ರ ಮಾಡಿದ ಆಂಡ್ರಾ ಡೇ ವೃತ್ತಿಯಿಂದ ಗಾಯಕಿ. ನಾಯಕಿಯಾಗಿ ಅವರಿಗೆ ಇದೇ ಮೊದಲ ಚಿತ್ರ. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಹಾಲಿಡೇ ಅವರನ್ನು ಕರೆಯುತ್ತಿದ್ದ ‘ಲೇಡಿ ಡೇ’ ಎಂಬ ಹೆಸರಿನಿಂದಲೇ ಇವರು ತಮ್ಮ ಹೆಸರಿನ ‘ಡೇ’ಯನ್ನು ತೆಗೆದುಕೊಂಡಿದ್ದಾರೆ. ಗಾಯಕಿಯೇ ಗಾಯಕಿಯಾಗಿ ನಟಿಸಿರುವುದರಿಂದ ಹಾಡಿನ ಭಾಗ ಸಲೀಸಾಗಿ ಮುಗಿಯುತ್ತದೆ, ಕಷ್ಟವೇನಿದ್ದರೂ ಮಾತಿನಲ್ಲಿ ಎಂದು ನಾನು ಎಣಿಸಿದ್ದೆ. ಎರಡರಲ್ಲೂ ಎಡವಿದೆ.

ಮಹಾನ್ ಕಲಾವಿದೆ ಎಂಬ ಗೌರವದಿಂದ ಹಾಲಿಡೇ ಅವರ ಮಾತನ್ನೆಲ್ಲ ನಾನು ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡದಲ್ಲಿ ಬರೆದಿದ್ದೆ. ಪರಿಶೀಲನೆಗೆ ಕುಳಿತ ಹಿರಿಯ ಸಹೋದ್ಯೋಗಿ ಹತ್ತು ನಿಮಿಷ ನೋಡಿ, “ಏನಮ್ಮಾ, ಇವರು ಆಕಾಶವಾಣಿಯಲ್ಲಿ ವಾರ್ತೆ ಓದ್ತಿದ್ದಾರಾ?” ಎಂದು ಕೇಳಿದರು. ಆಮೇಲೆ ಪರದೆಗೆ ಬೆನ್ನು ಹಾಕಿ ಕೂರುವಂತೆ ಹೇಳಿ, ಬರೀ ದನಿ ಕೇಳಿಸಿದರು. ಹೊಗೆಯಲ್ಲಿ ಸವೆದ, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಗಂಟಲಲ್ಲೇ ಇಂಗಿಹೋಗುವ ದನಿ ಅದು. ಆಂಡ್ರಾ ಡೇ ಅವರ ಸ್ವಂತ ಕಂಠ ಹಾಗಿಲ್ಲ. ಈ ಪಾತ್ರಕ್ಕಾಗಿ ಅವರು ಸಿಗರೇಟು ಮತ್ತು ಮದ್ಯ ಶುರು ಮಾಡಿದರು, ಸುಮಾರು 18 ಕಿಲೋ ತೂಕ ಇಳಿಸಿದರು. ಅದು ಮೆಚ್ಚಬೇಕಾದ ದಾರಿ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಗಾಯಕಿಯೊಬ್ಬರು ತಮ್ಮ ಬಂಡವಾಳವಾದ ಕಂಠವನ್ನೇ ಒರಟು ಮಾಡಿಕೊಂಡು ಆಡಿದ ಮಾತಿಗೆ ನಾನು ಇಸ್ತ್ರಿ ಹಾಕಿ ಇಟ್ಟಿದ್ದೆ ಎಂಬುದು ಆ ದಿನ ಅರ್ಥವಾಯಿತು.

ಇದೇ ಹಾಲಿಡೇ ಪಾತ್ರದಿಂದ ಇನ್ನೊಬ್ಬ ಗಾಯಕಿ ಡಯಾನಾ ರಾಸ್ 1972ರಲ್ಲಿ ‘ಲೇಡಿ ಸಿಂಗ್ಸ್ ದಿ ಬ್ಲೂಸ್’ ಮೂಲಕ ಚಿತ್ರರಂಗಕ್ಕೆ ಬಂದಿದ್ದರು. ಅವರು ಹಾಲಿಡೇ ಕಂಠವನ್ನು ಅನುಕರಿಸಲು ಹೋಗದೆ, ಪದಗಳನ್ನು ಹಿಡಿದು ಬಿಡುವ ರೀತಿಯನ್ನು ಮಾತ್ರ ತಮ್ಮ ಕಂಠಕ್ಕೆ ತಂದುಕೊಂಡರು. ಇಬ್ಬರೂ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ರಾಸ್ ಅವರ ಚಿತ್ರದಲ್ಲಾಗಿದ್ದರೆ ನನ್ನ ಗ್ರಾಂಥಿಕ ವಾಕ್ಯಗಳು ಹೇಗೋ ನಡೆಯುತ್ತಿದ್ದವೇನೋ. ಡೇ ಅವರ ದನಿಯ ಕೆಳಗೆ ಅವು ನಿಲ್ಲಲಿಲ್ಲ.

ಹಾಡಿನಲ್ಲಿ ಆದ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ‘ಸ್ಟ್ರೇಂಜ್ ಫ್ರೂಟ್’ ಎಂಬ ಹಾಡು, ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕ್ರೌರ್ಯದ ಕುರಿತಾದದ್ದು. ನ್ಯೂಯಾರ್ಕಿನ ಶಾಲಾ ಶಿಕ್ಷಕ ಏಬಲ್ ಮೀರೊಪೊಲ್ ಬರೆದ ಇದನ್ನು ಧ್ವನಿಮುದ್ರಿಸಲು ಕೊಲಂಬಿಯಾ ರೆಕಾರ್ಡ್ ಕಂಪನಿ ಒಪ್ಪದಿದ್ದಾಗ, ಹಾಲಿಡೇ 1939ರಲ್ಲಿ ಕಮೋಡೋರ್ ಎಂಬ ಸಣ್ಣ ಕಂಪನಿಗೆ ಹಾಡಿಕೊಟ್ಟರು. ಈ ಹಾಡನ್ನು ಬಿಡದ ಕಾರಣಕ್ಕೇ ಮಾದಕವಸ್ತು ಇಲಾಖೆ ಅವರ ಬೆನ್ನುಬಿತ್ತು ಎಂಬುದು ಚಿತ್ರದ ವಾದ. 1959ರಲ್ಲಿ, 44ನೆಯ ವಯಸ್ಸಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲೇ ಬಂಧನದಲ್ಲಿದ್ದಾಗ ಅವರು ತೀರಿಕೊಂಡರು.

ಹಾಡು ಇರುವುದು ಹನ್ನೆರಡೇ ಸಾಲು. ಪರದೆಯ ಕೆಳಗಿನ ಧ್ವನಿಯ ಅಲೆಗಳಲ್ಲಿ ವಾದ್ಯದ ಪೆಟ್ಟು ಎಲ್ಲಿ ಏಳುತ್ತದೆಯೋ ಅಲ್ಲಿಗೇ ಪ್ರತಿ ಸಾಲನ್ನೂ ಕೂರಿಸಿದ್ದೆ. ಆದರೆ ಹಾಲಿಡೇ ಶೈಲಿಯ ಜೀವಾಳವೇ ಪೆಟ್ಟಿನ ಹಿಂದೆ ಉಳಿಯುವುದು, ಅಂದರೆ ಪೆಟ್ಟು ಬಿದ್ದ ಮೇಲೆ ತುಸು ತಡೆದು ಹಾಡುವುದು. ಆಂಡ್ರಾ ಡೇ ಅದನ್ನು ಹಾಗೆಯೇ ಹಿಡಿದಿದ್ದಾರೆ. ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ ಕೆಲವು ಸಾಲುಗಳು ಹತ್ತು ಹನ್ನೆರಡು ಫ್ರೇಮ್ ಮೊದಲೇ ಬಂದಿದ್ದವು, ಅಂದರೆ ಅರ್ಧ ಸೆಕೆಂಡು. ಗಾಯಕಿ ಇನ್ನೂ ಉಸಿರೆಳೆಯುತ್ತಿರುವಾಗಲೇ ನೋಡುಗ ಸಾಲನ್ನು ಓದಿ ಮುಗಿಸಿರುತ್ತಾನೆ. “ತಾಳ ನೋಡಿ ಕಟ್ಟಿದ್ದೀಯಮ್ಮ, ಬಾಯಿ ನೋಡಿ ಕಟ್ಟು,” ಎಂದರು ನಮ್ಮ ಹಿರಿಯರು. ಕರ್ನಾಟಕ ಸಂಗೀತ ಕಲಿತಿದ್ದ ನಾನು ಇದನ್ನು ಅನಾಗತ ಎಡುಪಿನಂತೆ, ಅಂದರೆ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವ ಕ್ರಮದಂತೆ ಎಣಿಸಿ, ಎಲ್ಲ ಸಾಲುಗಳನ್ನೂ ಒಂದೇ ಅಳತೆಯಲ್ಲಿ ತಡವಾಗಿ ಬರುವಂತೆ ಸರಿಸಿದೆ. ಅದೂ ಹೊಂದಲಿಲ್ಲ, ಏಕೆಂದರೆ ಇಲ್ಲಿನ ತಡ ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ಕೊನೆಗೆ ಧ್ವನಿಯ ಅಲೆಗಳನ್ನು ಮುಚ್ಚಿಟ್ಟು, ತುಟಿ ನೋಡುತ್ತಾ, ಹನ್ನೆರಡು ಸಾಲಿಗೆ ಒಂದು ಇಡೀ ಮಧ್ಯಾಹ್ನ ಕಳೆದೆ.

ಅಷ್ಟಾದರೂ ಪದಗಳ ಸರದಿಯೊಂದು ಉಳಿಯಿತು. ಒಂದು ಸಾಲಿನಲ್ಲಿ ಇಂಗ್ಲಿಷಿಗೆ ರಕ್ತ ಮೊದಲು, ಎಲೆ ಆಮೇಲೆ. ಕನ್ನಡದ ಸಹಜ ಜೋಡಣೆಯಲ್ಲಿ ಎಲೆ ಮೊದಲು ಬಂದು ರಕ್ತ ಹಿಂದೆ ಬೀಳುತ್ತದೆ. ಆಂಡ್ರಾ ಡೇ ಒತ್ತಿ ಹೇಳುವ ಪದ ರಕ್ತ. ನಾನು ‘ರಕ್ತ, ಎಲೆಗಳ ಮೇಲೆ’ ಎಂದು ಬರೆದೆ. ಅಲ್ಪವಿರಾಮ ಬೇಕೇ ಬೇಡವೇ ಎಂಬುದರ ಮೇಲೆ ಚರ್ಚೆಯಾಗಿ, ಉಳಿಯಿತು.

ಕೊನೆಯ ಸಾಲಿನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಒಮ್ಮತವಾಗಲಿಲ್ಲ. ಒಂದು ಸಬ್‌ಟೈಟಲ್ ಏಳು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆಯ ಮೇಲೆ ಇರಬಾರದೆಂಬ ನಿಯಮ ನಮ್ಮಲ್ಲಿದೆ. ದನಿ ಇರುವವರೆಗೂ ಅಕ್ಷರ ಇರಲಿ ಎಂದು ನಾನು ಹಟ ಹಿಡಿದೆ. ಅವರು ಕೇಳದೆ ಅದನ್ನು ಮೊದಲೇ ತೆಗೆದುಹಾಕಿದರು. ಈಗ ಆ ಜಾಗದಲ್ಲಿ ಅಕ್ಷರ ಅಳಿದ ಮೇಲೂ ಕೊನೆಯ ಪದ ಎಳೆದುಕೊಂಡು ಹೋಗುತ್ತದೆ, ಕೆಳಗೆ ಓದಲು ಏನೂ ಇಲ್ಲದೆ ಕಣ್ಣು ಗಾಯಕಿಯ ಮುಖಕ್ಕೆ ಏರುತ್ತದೆ.